ಹೆರಿಗೆಗೆ ಹೊರಡುವ ಚೀಲ

ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಗಾದೆ ಯಾರಿಗೆ ಗೊತ್ತಿಲ್ಲ? ಆತುರಗಾರರನ್ನು ಹಾಸ್ಯಮಾಡುವ ಈ ಮಾತು ಎಷ್ಟೋ ಮನೆಗಳಲ್ಲಿ ಕಟ್ಟಳೆಯೇ ಆಗಿಬಿಟ್ಟಿದೆ. ಮಗುವಿಗೆಂದು ಒಂದು ಚೂರು ಬಟ್ಟೆ ತೆಗೆದಿಟ್ಟರೂ ಅಪಶಕುನವಂತೆ! ಸರಿ, ಹಿರಿಯರ ಮನಸ್ಸು ನೋಯಿಸುವುದು ಬೇಡ, ಹೊಸದು ಕೊಳ್ಳಬೇಡಿ. ಅಕ್ಕನ ಮಗುವಿನ ಹಳೇ ಅಂಗಿ, ಕುಲಾವಿ, ಅಜ್ಜಿಯ ಮೆತ್ತನೆಯ ಹತ್ತಿ ಸೀರೆಯ ತುಂಡುಗಳು ಇವನ್ನೇ ಕುದಿನೀರಿನಲ್ಲಿ ಒಗೆದು, ಬಿಸಿಲಿಗೆ ಒಣಗಿಸಿ ಮಡಿಸಿಡಿ. ಎಳೆಯ ಮೈಗೆ ಗಂಜಿಯ ಹೊಸ ಬಟ್ಟೆಗಿಂತ ಇದೇ ಹಿತ. ಆದರೆ ಎಂಟು ತಿಂಗಳು ತುಂಬುವಷ್ಟರಲ್ಲಿ ಚೀಲ ಮಾತ್ರ ಸಿದ್ಧವಿರಲಿ. ನೋವು ಪಂಚಾಂಗ ನೋಡಿ ಬರುವುದಿಲ್ಲ.

ಚೀಲಕ್ಕೆ ಮೊದಲು ಬೀಳಬೇಕಾದ್ದು ಬಟ್ಟೆಯಲ್ಲ, ಕಾಗದ. ತಾಯಿ ಕಾರ್ಡು, ರಕ್ತಪರೀಕ್ಷೆ, ಸ್ಕ್ಯಾನಿಂಗಿನ ವರದಿಗಳು, ಆಧಾರ್, ಬ್ಯಾಂಕಿನ ಪಾಸ್‌ಬುಕ್ಕು. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ ತಾನೆ? ಸೀಮಂತ ಮುಗಿಸಿಕೊಂಡು ಬರುವ ಹುಡುಗಿ ಸೀರೆ, ಬಳೆ ಎಲ್ಲ ತರುತ್ತಾಳೆ. ಫೈಲು ಮಾತ್ರ ಗಂಡನ ಮನೆಯ ಬೀರುವಿನಲ್ಲೇ ಉಳಿದಿರುತ್ತದೆ. ನಮ್ಮ ಬೀದಿಯಲ್ಲೇ ಹೀಗಾಯಿತು. ನಡುರಾತ್ರಿ ನರ್ಸಮ್ಮ "ರಕ್ತದ ಗುಂಪು ಯಾವುದಮ್ಮಾ? ಬಿ.ಪಿ. ಎಷ್ಟಿತ್ತು?" ಅಂತ ಕೇಳಿದರೆ ತಾಯಿಗೂ ಗೊತ್ತಿಲ್ಲ, ಮಗಳಿಗೆ ನೋವಿನಲ್ಲಿ ಬಾಯೇ ಬರುತ್ತಿಲ್ಲ. ತಾಯಿಯದು ನೆಗೆಟಿವ್ ಗುಂಪಾಗಿ, ಮಗುವಿನದು ಪಾಸಿಟಿವ್ ಆದರೆ 72 ಗಂಟೆಯೊಳಗೆ ಆ್ಯಂಟಿ-ಡಿ ಇಂಜೆಕ್ಷನ್ ಕೊಡಬೇಕು. ಮುಂದಿನ ಮಗುವಿನ ಜೀವದ ಪ್ರಶ್ನೆ ಅದು. ರಕ್ತ ಕೊಡಬಲ್ಲ ಇಬ್ಬರು ಮೂವರ ಫೋನ್ ನಂಬರನ್ನೂ ಒಂದು ಚೀಟಿಯಲ್ಲಿ ಬರೆದಿಡಿ. ಆ ಹೊತ್ತಿಗೇ ಮೊಬೈಲಿನ ಚಾರ್ಜು ಮುಗಿದಿರುತ್ತದೆ.

ಇನ್ನು ಬಾಣಂತಿಗೆ ಮುಂದೆ ಗುಂಡಿಯಿರುವ ನೈಟಿ ಎರಡು ಮೂರು, ಒಳಉಡುಪು, ಪ್ಯಾಡು, ಟವೆಲು, ತಲೆಗೆ ಕಟ್ಟಲು ಬಟ್ಟೆ, ಚಪ್ಪಲಿ, ಫ್ಲಾಸ್ಕು, ಲೋಟ. ಒಡವೆ ಮನೆಯಲ್ಲೇ ಇರಲಿ. ಉಗುರಿಗೆ ಬಣ್ಣವೂ ಬೇಡ, ಬೆರಳಿಗೆ ಕ್ಲಿಪ್ಪು ಹಾಕಿ ಆಮ್ಲಜನಕ ನೋಡುವಾಗ ಅಡ್ಡಿಯಾದೀತು. ಜೊತೆಗಿರುವ ಅಮ್ಮನಿಗೂ ಒಂದು ಜೊತೆ ಸೀರೆ, ಹೊದಿಕೆ, ಅವರ ದಿನದ ಮಾತ್ರೆ ಬೇಕು. ಇದನ್ನು ಎಲ್ಲರೂ ಮರೆಯುತ್ತಾರೆ, ಅಮ್ಮನೇ ಮೊದಲು!

ಚೀಲದಲ್ಲಿ ಇರಬಾರದ್ದನ್ನೂ ಹೇಳಿಬಿಡುತ್ತೇನೆ. ಜೇನುತುಪ್ಪದ ಸೀಸೆ, ಸಕ್ಕರೆ, ಬಜೆ, ಕಾಡಿಗೆ, ಹಾಲಿನ ಬಾಟಲಿ. ಜೇನು ವರ್ಷ ತುಂಬುವ ತನಕ ಕೂಸಿನ ನಾಲಿಗೆಗೆ ಸೋಕಬಾರದು. ಒಂದು ಗಂಟೆಯೊಳಗೆ ಎದೆಹಾಲು ಕುಡಿಸಿ, ಅಷ್ಟೇ ಸಾಕು. ಮೊದಲ ಹಳದಿ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲುವವರು ಇನ್ನೂ ಇದ್ದಾರೆ. ಹಸು ಕರು ಹಾಕಿದರೆ ಗಿಣ್ಣುಹಾಲಿಗೆ ಚೊಂಬು ಹಿಡಿದು ಹೋಗುವವರು ನಾವು, ನಮ್ಮ ಕೂಸಿಗೆ ಮಾತ್ರ ಅದು ವಿಷವೇ?

ಸರಕಾರಿ ಆಸ್ಪತ್ರೆಯಾದರೆ, 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ ಎಲ್ಲ ಉಚಿತ. ಊಟವೂ ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್ನಿಗೆ 7 ದಿನ ಸಿಗಬೇಕು. ಕೇಳಿ ಪಡೆಯಿರಿ, ಸಂಕೋಚ ಬೇಡ.

ನೀರು ಒಡೆದರೆ, ರಕ್ತ ಕಂಡರೆ, ಕೂಸಿನ ಮಿಸುಕಾಟ ಕಡಿಮೆಯಾದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ ನೋವು ಬರಲೆಂದು ಕಾಯಬೇಡಿ, ರಾಹುಕಾಲ ಕಳೆಯಲೆಂದೂ ಕೂರಬೇಡಿ. 108ಕ್ಕೆ ಫೋನ್ ಮಾಡಿ ಹೊರಡಿ. ಚೀಲ ಅಟ್ಟದ ಮೇಲೆ ಬೇಡ, ಬಾಗಿಲ ಬಳಿಯ ಗೂಟಕ್ಕೆ ನೇತುಹಾಕಿ. ಮನೆಯ ಗಂಡಸರಿಗೂ ಅದನ್ನು ಒಮ್ಮೆ ತೋರಿಸಿಡಿ.