ಅತಿಥಿ ಸತ್ಕಾರದ ಲೆಕ್ಕ

ಅತಿಥಿಯನ್ನು ದೇವರೆಂದು ತಿಳಿಯಬೇಕೆಂದು ಹಿರಿಯರು ವಿಧಿಸಿದಾಗ, ಆ ದೇವರು ತಲೆಯೊಂದಕ್ಕೆ ದಿನಕ್ಕೆ 1,100 ರೂಪಾಯಿ ಕೊಟ್ಟು ಬರುವನೆಂದು ಅವರು ಎಣಿಸಿರಲಾರರು. ಈಗ ಹಾಗೆ ಬರುತ್ತಾನೆ. ಬಂದು ನಮ್ಮ ಮನೆಯ ಜಗಲಿಯ ಮೇಲೆ ಕುಳಿತು, ಎದುರಿನ ನೀರನ್ನು ನೋಡುತ್ತ, “ಇಲ್ಲಿ ನಮ್ಮ ಮನೆಯಲ್ಲಿದ್ದಂತೆಯೇ ಇದೆ” ಎನ್ನುತ್ತಾನೆ. ಮೊದಮೊದಲು ಈ ಮಾತು ನನಗೆ ಬಹಳ ಹಿತವಾಗಿತ್ತು. ಈಚೆಗೆ ಅದನ್ನು ಕೇಳಿದಾಗಲೆಲ್ಲ, ಮನೆಯಲ್ಲಿದ್ದಂತೆ ಹಾಯಾಗಿರುವುದು ಆ ಮನೆಯಲ್ಲಿ ಯಾರಿಗೆ ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಯನ್ನು ನನ್ನ ಸಹಪಾಠಿಗಳ ಮುಂದೆಯೂ ಅಧ್ಯಾಪಕ ವರ್ಗದವರ ಮುಂದೆಯೂ ಇಡುವುದಕ್ಕಾಗಿಯೇ ಈ ಲೇಖನ.

ನಮ್ಮ ಮನೆ ಇರುವುದು ಕುಮಟಾ ತಾಲೂಕಿನಲ್ಲಿ, ಅಘನಾಶಿನಿಯ ಅಳಿವೆಯ ದಂಡೆಯಲ್ಲಿ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಯಾವ ಅಣೆಕಟ್ಟಿನ ಹಂಗೂ ಇಲ್ಲದೆ ಇಳಿದು ಬರುವ ಈ ನದಿ, ಸಮುದ್ರವನ್ನು ಕೂಡುವ ಮೊದಲು ಅಗಲವಾಗಿ ಹರಡಿಕೊಳ್ಳುತ್ತದೆ. ಉಬ್ಬರದಲ್ಲಿ ಉಪ್ಪುನೀರು ನಮ್ಮ ತೆಂಗಿನ ಬುಡದವರೆಗೆ ಬರುತ್ತದೆ. ಇಳಿತದಲ್ಲಿ ಕಣ್ಣು ಹಾಯುವಷ್ಟು ದೂರ ಕೆಸರು ತೆರೆದುಕೊಳ್ಳುತ್ತದೆ. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್‌ಸಾರ್ ಪಟ್ಟಿಗೆ ಸೇರಿತು. ಲೋಕಕ್ಕೆ ನಮ್ಮ ಕೆಸರಿನ ಬೆಲೆ ಅಂದು ತಿಳಿಯಿತು. ನಮ್ಮ ಹೆಂಗಸರಿಗೆ ಅದು ಮೊದಲೇ ತಿಳಿದಿತ್ತು. ಆ ಮಾತಿಗೆ ಆಮೇಲೆ ಬರುತ್ತೇನೆ.

ನಾಲ್ಕು ವರ್ಷಗಳ ಹಿಂದೆ ಅಪ್ಪ ಮನೆಯ ಎರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಟ್ಟರು. ಅವುಗಳಲ್ಲಿ ಒಂದು ಅಜ್ಜಿಯದು. ಅಜ್ಜಿ ಅಡಿಗೆಮನೆಯ ಪಕ್ಕದ ಭತ್ತದ ಕೋಣೆಗೆ ಹೋದಳು, ಗೊಣಗಲಿಲ್ಲ. ಹೋಂಸ್ಟೇ ಎಂಬುದೇ ಬೇಡವೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಅದರ ಹಣದಿಂದ ನಮ್ಮ ಮಾಡಿನ ಹಂಚು ಬದಲಾಯಿತು, ಸೊಸೈಟಿಯ ಸಾಲ ತೀರಿತು. ನಾನು ಈ ಕಾಲೇಜಿನಲ್ಲಿ ಕುಳಿತು ಅರ್ಥಶಾಸ್ತ್ರ ಓದುತ್ತಿರುವುದು, ನಮ್ಮ ಮನೆತನದಲ್ಲಿ ಮೊದಲನೆಯವನಾಗಿ ಪದವಿಯ ಬಾಗಿಲಿಗೆ ಬಂದು ನಿಂತಿರುವುದು ಕೂಡ ಆ ಎರಡು ಕೋಣೆಗಳ ಬಾಡಿಗೆಯಿಂದಲೇ. ಆದುದರಿಂದ ನಾನು ಇಲ್ಲಿ ಬರೆಯುವುದರಲ್ಲಿ ನನ್ನ ಮೇಲಿನ ಆಪಾದನೆಯೂ ಸೇರಿದೆ ಎಂದು ವಾಚಕರು ತಿಳಿಯಬೇಕು.

ಕಾಯಿದೆ ಈ ವಿಷಯದಲ್ಲಿ ಏನು ಹೇಳುತ್ತದೆಂದು ನೋಡಿದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ನಿಯಮದಂತೆ ಹೋಂಸ್ಟೇಯ ಒಡೆಯ ಸಂಸಾರಸಮೇತ ಅದೇ ಮನೆಯಲ್ಲಿ ವಾಸವಾಗಿರತಕ್ಕದ್ದು. ಬಾಡಿಗೆಗೆ ಕೊಡುವ ಕೋಣೆಗಳು ಆರನ್ನು, ಹಾಸಿಗೆಗಳು ಹನ್ನೆರಡನ್ನು ಮೀರತಕ್ಕದ್ದಲ್ಲ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ದಂಡೆಯ ಹಳ್ಳಿಗಳಲ್ಲಿ ಸ್ಥಳೀಯರು ತಮ್ಮ ಮನೆಗಳಲ್ಲಿ ಪ್ರವಾಸಿಗಳನ್ನು ಇರಿಸಿಕೊಳ್ಳಬಹುದೆಂದು ಒಪ್ಪಿ, ಆದರೆ ಮನೆಯ ತಳಪಾಯದ ವಿಸ್ತೀರ್ಣವನ್ನಾಗಲಿ ಮುಖವನ್ನಾಗಲಿ ಬದಲಿಸಬಾರದೆಂದು ಕಟ್ಟು ಮಾಡಿದೆ. ಇವು ಒಳ್ಳೆಯ ನಿಯಮಗಳೆಂಬುದರಲ್ಲಿ ಸಂಶಯವಿಲ್ಲ. ಇವಿಲ್ಲದಿದ್ದರೆ ಹಣವುಳ್ಳವರು ನಮ್ಮ ದಂಡೆಯನ್ನು ಎಂದೋ ಕೊಂಡು ಮಹಡಿ ಎಬ್ಬಿಸುತ್ತಿದ್ದರು. ಆದರೆ ತಳಪಾಯ ಅಷ್ಟೇ ಇರಲೆಂದವರು ಅಡಿಗೆಮನೆಯ ಕೆಲಸ ಎಷ್ಟಾಯಿತೆಂದು ಕೇಳಲಿಲ್ಲ. ಹಾಸಿಗೆ, ಶೌಚಾಲಯ, ಕುಡಿಯುವ ನೀರು ಎಲ್ಲದಕ್ಕೂ ಪಟ್ಟಿಯುಂಟು. ಹಾಸಿಗೆಯ ಬಟ್ಟೆಯನ್ನು ಒಗೆಯುವವರು ಯಾರು ಎಂಬುದಕ್ಕೆ ಪಟ್ಟಿಯಿಲ್ಲ.

2024ರ ಡಿಸೆಂಬರ್ ಹಾಗೂ 2025ರ ಜನವರಿಯಲ್ಲಿ ಒಟ್ಟು 25 ದಿನ ನಮ್ಮಲ್ಲಿ ಅತಿಥಿಗಳಿದ್ದರು. ಲೆಕ್ಕ ಬರೆಯುವವನು ನಾನು. ಓದಿದವನೆಂದು ಆ ಕೆಲಸವನ್ನೂ, ಬಂದವರೊಡನೆ ಇಂಗ್ಲಿಷ್ ಹಿಂದಿ ಮಾತನಾಡುವ ಕೆಲಸವನ್ನೂ ನನಗೆ ವಹಿಸಲಾಗಿದೆ. ಎರಡೂ ಕುಳಿತು ಮಾಡುವ ಕೆಲಸಗಳು. ಒಟ್ಟು 70 ತಲೆದಿನಗಳಿಗೆ 77,000 ರೂಪಾಯಿ ಬಂತು. ಮೀನು, ಕಿರಾಣಿ, ಗ್ಯಾಸು, ಕರೆಂಟು, ಅತಿಥಿಗಳನ್ನು ತಿರುಗಾಡಿಸಿದ ದೋಣಿಯವನ ಬಾಡಿಗೆ, ಎಳನೀರು ಇಳಿಸಿದವನ ಕೂಲಿ, ಫೋನಿನಲ್ಲಿ ಕೋಣೆ ಗೊತ್ತು ಮಾಡಿಸುವ ಕಂಪನಿಯ ದಲಾಲಿ, ಎಲ್ಲ ಸೇರಿ ಖರ್ಚು 52,600. ಉಳಿದದ್ದು 24,400. ಅಪ್ಪನಿಗೆ ತೋರಿಸಿದೆ. “ಅಡ್ಡಿಯಿಲ್ಲ” ಎಂದರು. ಅವರು ಮೆಚ್ಚಿದರೆ ಅಷ್ಟೇ ಹೇಳುವುದು.

ಅಂದು ರಾತ್ರಿ ಊಟವಾದ ಮೇಲೆ ಹಿತ್ತಲಲ್ಲಿ ದೀಪ ಉರಿಯುತ್ತಿತ್ತು. ಅಮ್ಮ, ಚಿಕ್ಕಮ್ಮ ಪಾತ್ರೆ ತಿಕ್ಕುತ್ತಿದ್ದರು. ಪಿ.ಯು.ಸಿ. ಎರಡನೆಯ ವರ್ಷದಲ್ಲಿರುವ ತಂಗಿ ಬೆಳಗಿನ ನೀರು ದೋಸೆಗೆ ಅಕ್ಕಿ ರುಬ್ಬುತ್ತಿದ್ದಳು. ಅವಳ ಪ್ರಿಪರೇಟರಿ ಪರೀಕ್ಷೆಗೆ ಹೆಚ್ಚು ದಿನ ಉಳಿದಿರಲಿಲ್ಲ. ನಾನು ಲೆಕ್ಕದ ಪುಸ್ತಕವನ್ನು ಮತ್ತೆ ತೆರೆದೆ. ದೋಣಿಯವನಿದ್ದಾನೆ, ಮರ ಹತ್ತುವವನಿದ್ದಾನೆ, ಮುಖ ಕಾಣದ ದಲಾಲಿಯವನೂ ಇದ್ದಾನೆ. ಈ ಮೂವರು ಹೆಂಗಸರು ಎಲ್ಲಿಯೂ ಇಲ್ಲ.

ಸರಿ, ಲೆಕ್ಕ ಹಾಕಿಯೇ ನೋಡೋಣವೆಂದುಕೊಂಡೆ. ಅಮ್ಮ ಮತ್ತು ಚಿಕ್ಕಮ್ಮನ ದಿನಗಳು ಸೇರಿ 50. ತಂಗಿಯ ಅರೆದಿನಗಳು 20, ಅಂದರೆ 10 ದಿನ. ಇವರ ಅಡಿಗೆಯ ಕೈಗುಣವನ್ನು ಬದಿಗಿಟ್ಟು, ಬರಿಯ ಮಣ್ಣು ಹೊರುವ ಕೆಲಸಕ್ಕೆ ಉದ್ಯೋಗ ಖಾತರಿ ಯೋಜನೆಯಲ್ಲಿ 2024–25ರಲ್ಲಿ ನಮ್ಮ ರಾಜ್ಯದಲ್ಲಿ ಕೊಡುತ್ತಿದ್ದ 349 ರೂಪಾಯಿಯ ದರವನ್ನೇ ಹಿಡಿದೆ. 60 ದಿನಕ್ಕೆ 20,940. ಅಂದಮೇಲೆ ನಮ್ಮ ಹೋಂಸ್ಟೇ 25 ದಿನಗಳಲ್ಲಿ ನಿಜವಾಗಿ ಗಳಿಸಿದ್ದು 3,460 ರೂಪಾಯಿ. ಮಿಕ್ಕದ್ದೆಲ್ಲ ಕೊಡದೆ ಉಳಿಸಿಕೊಂಡ ಕೂಲಿ.

ಪಿಗೂ ಎಂಬ ಅರ್ಥಶಾಸ್ತ್ರಜ್ಞನ ಪ್ರಸಿದ್ಧವಾದ ಉದಾಹರಣೆಯೊಂದನ್ನು ನಮಗೆ ತರಗತಿಯಲ್ಲಿ ಹೇಳಿದ್ದರು. ಒಬ್ಬನು ತನ್ನ ಮನೆಗೆಲಸದವಳನ್ನೇ ಮದುವೆಯಾದರೆ ರಾಷ್ಟ್ರೀಯ ವರಮಾನ ಕಡಿಮೆಯಾಗುತ್ತದೆ. ಕೆಲಸ ಅಷ್ಟೇ ನಡೆದರೂ ಸಂಬಳ ನಿಂತುಹೋಗುತ್ತದೆ. ತರಗತಿಯಲ್ಲಿ ಎಲ್ಲರೂ ನಕ್ಕೆವು. ನಮ್ಮ ಹೋಂಸ್ಟೇಯಲ್ಲಿ ಆ ಉದಾಹರಣೆ ತಲೆಕೆಳಗಾಗಿದೆ. ಇಲ್ಲಿ ಹೆಂಡತಿ ಹಣ ಕೊಟ್ಟು ಬಂದವರ ಅಡಿಗೆಯವಳಾಗಿದ್ದಾಳೆ. ಅವಳ ಕೆಲಸಕ್ಕೆ ಬೆಲೆ ಬಂದು ರಾಷ್ಟ್ರೀಯ ವರಮಾನಕ್ಕೂ ಸೇರುತ್ತಿದೆ. ಆದರೆ ಸಂಬಳ ಮಾತ್ರ ಹೆಂಡತಿಯದೇ, ಎಂದರೆ ಸೊನ್ನೆ. ನಮ್ಮ ಮನೆಯೊಂದರ ಮಾತಲ್ಲ ಇದು. 2019ರಲ್ಲಿ ದೇಶದಾದ್ಯಂತ ನಡೆದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಅದರಲ್ಲಿ ಕಳೆಯುತ್ತಾರೆಂದು ಕಂಡುಬಂತು. ಮೊದಲೇ ಐದು ಗಂಟೆ ಹೊರೆ ಹೊತ್ತವಳ ಮನೆಗೆ ನಾವು ಅತಿಥಿಗಳನ್ನು ಕರೆಯುತ್ತಿದ್ದೇವೆ.

ಅಪ್ಪನೊಡನೆ ಈ ವಿಷಯ ಮಾತನಾಡಿದಾಗ ಅವರಿಗೆ ಸಿಟ್ಟು ಬಂತು. “ಮನೆ ಹೆಂಗಸಿಗೆ ಕೂಲಿ ಕೊಡೂದೇ? ನಾಳೆ ನಿಂಗೆ ಅನ್ನ ಹಾಕಿದ್ದಕ್ಕೂ ಬಿಲ್ ಬರೀತ್ಯಾ?” ಎಂದರು. ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಮನೆಯೆಂಬುದು ಲೆಕ್ಕವಿಲ್ಲದ ಜಾಗವಾಗಿರುವುದರಿಂದಲೇ ಅದು ಮನೆ. ನಮ್ಮ ಮನೆಗೆ ಬಂದವರು ಊಟ ಮಾಡದೆ ಹೋದದ್ದಿಲ್ಲ. ಯಾರೂ ಕೊಟ್ಟದ್ದಿಲ್ಲ, ಯಾರೂ ಕೇಳಿದ್ದಿಲ್ಲ. ಆದರೆ ಕೊಡುವ ಕೇಳುವ ವ್ಯವಹಾರ ಈಗ ಬಾಗಿಲಲ್ಲಿ ಆರಂಭವಾಗಿದೆಯಲ್ಲ? ವ್ಯಾಪಾರದಿಂದ ಬೆಲೆಯನ್ನೂ, ಆತಿಥ್ಯದಿಂದ ಬಿಟ್ಟಿ ದುಡಿಮೆಯನ್ನೂ ತೆಗೆದುಕೊಂಡು, ಎರಡರಲ್ಲಿಯೂ ನಮಗೆ ಅನುಕೂಲವಾದದ್ದನ್ನಷ್ಟೇ ನಾವು ಉಳಿಸಿಕೊಂಡಿದ್ದೇವೆ. ಅತಿಥಿಗಳೂ ಈ ಗುಟ್ಟನ್ನು ಬಲ್ಲರು. ಪೇಟೆಯ ಹೋಟೆಲಿನಲ್ಲಿ ಚಕಾರವೆತ್ತದೆ ಹಣ ಕೊಡುವವರು ನಮ್ಮಲ್ಲಿ, “ಮನೆ ಊಟ ತಾನೆ, ಸ್ವಲ್ಪ ಕಡಿಮೆ ಮಾಡಿ” ಎನ್ನುತ್ತಾರೆ. ಮನೆ ಊಟಕ್ಕಾಗಿಯೇ ಅಷ್ಟು ದೂರದಿಂದ ಬಂದವರು! ಹೋಗುವಾಗ ಅಮ್ಮನನ್ನು ಅಕ್ಕಾ ಎಂದು ಕರೆದು, ಜೊತೆಗೆ ನಿಲ್ಲಿಸಿಕೊಂಡು ಫೋಟೋ ತೆಗೆಯುತ್ತಾರೆ.

ಇಷ್ಟೆಲ್ಲ ವಾದ ಮಾಡಿದ ನಾನು ಅಮ್ಮನನ್ನು ಮಾತ್ರ ಕೇಳಿರಲಿಲ್ಲ. ಕೊನೆಗೆ ಕೇಳಿದಾಗ ಅವಳು ಹೇಳಿದ್ದು ನನ್ನ ಲೆಕ್ಕವನ್ನೇ ಬುಡಮೇಲು ಮಾಡಿತು. “ನಂಗೆ ಕೂಲಿ ಬ್ಯಾಡ ತಮಾ. ಬಳಚಿಗೆ ಹೋಗೂದು ತಪ್ಪಿಹೋಯ್ತಲ್ಲ, ಅದೇ ಬೇಜಾರು” ಎಂದಳು.

ಹೊರ ಊರಿನ ವಾಚಕರಿಗೆ ಇದನ್ನು ವಿವರಿಸಬೇಕು. ಬಳಚು ಎಂದರೆ ಅಳಿವೆಯ ಕೆಸರಿನಲ್ಲಿ ಹುದುಗಿರುವ ಚಿಪ್ಪುಜೀವಿ. ಇಳಿತದಲ್ಲಿ ನೀರು ಸರಿದಾಗ ಊರಿನ ಹೆಂಗಸರು ಬುಟ್ಟಿ ಹಿಡಿದು ಹೋಗಿ ಅದನ್ನು ಹೆಕ್ಕುತ್ತಾರೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಇಳಿತ ದೊಡ್ಡದು. ಆಗ ಬೇರೆ ದಿನಗಳಲ್ಲಿ ಸಿಗದ ದಿಬ್ಬಗಳೂ ತೆರೆದುಕೊಳ್ಳುತ್ತವೆ. ಮನೆಗೆ ಸಾಲುವಷ್ಟು ಇಟ್ಟುಕೊಂಡು ಮಿಕ್ಕದ್ದನ್ನು ಅಮ್ಮ ಮಾರುತ್ತಿದ್ದಳು. ಆ ದುಡ್ಡಿಗೆ ಅಪ್ಪನೂ ಕೈ ಹಾಕುತ್ತಿರಲಿಲ್ಲ. ನನ್ನ ಹೈಸ್ಕೂಲಿನ ಚಪ್ಪಲಿ, ತಂಗಿಯ ಕಿವಿಯ ಓಲೆ, ಅಜ್ಜಿಯ ಎಲೆಯಡಿಕೆ ಎಲ್ಲವೂ ಆ ಬುಟ್ಟಿಯಿಂದ ಬಂದವು. ಇಳಿತದ ಹೊತ್ತು ದಿನಕ್ಕೆ ಮುಕ್ಕಾಲು ಗಂಟೆಗೂ ಮಿಕ್ಕಿ ಮುಂದೆ ಸರಿಯುತ್ತ ಹೋಗುತ್ತದೆ. ಅತಿಥಿಗಳ ತಿಂಡಿಯ ಹೊತ್ತು ಸರಿಯುವುದಿಲ್ಲ. ಹೀಗಾಗಿ ಅಮ್ಮನ ಬುಟ್ಟಿ ಮಾಡಿನ ತೊಲೆಗೆ ಸಿಕ್ಕಿಸಿದಲ್ಲಿಯೇ ಇದೆ. ಓರಗೆಯ ಹೆಂಗಸರೊಡನೆ ಮೊಣಕಾಲ ನೀರಿನಲ್ಲಿ ಮಾತಾಡುತ್ತ ಕಳೆಯುತ್ತಿದ್ದ ಹೊತ್ತೂ ಹೋಯಿತು. ಮನೆಗೆ ಹಣ ಬಂದ ಮೇಲೆ ಅಮ್ಮನ ಕೈಯಲ್ಲಿದ್ದ ಹಣ ಹೋಯಿತೆಂಬುದನ್ನು, ಲೆಕ್ಕ ಬರೆಯುತ್ತಿದ್ದ ನಾನೇ ನಾಲ್ಕು ವರ್ಷ ಗಮನಿಸಿರಲಿಲ್ಲ.

ಗದ್ದೆಯ ಕಥೆಯೂ ಹೆಚ್ಚು ಬೇರೆಯಲ್ಲ. ನಮ್ಮದು ಗಜನಿ ಭೂಮಿ. ಮಳೆನೀರು ಉಪ್ಪನ್ನು ತೊಳೆದ ಮೇಲೆ ಅಲ್ಲಿ ಕಗ್ಗ ಭತ್ತವನ್ನು ಬಿತ್ತುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಂಡು ಆಳೆತ್ತರಕ್ಕೆ ಬೆಳೆಯುವ ತಳಿ ಅದು. ಕೊಯ್ಲಾದ ಮೇಲೆ ಕಟ್ಟಿನ ಬಾಗಿಲು ತೆಗೆದು ಉಬ್ಬರದ ನೀರನ್ನು ಒಳಗೆ ಬಿಟ್ಟರೆ ಅದೇ ಗದ್ದೆಯಲ್ಲಿ ಸೆಟ್ಲಿ, ಮೀನು. ಕಟ್ಟು ಎಲ್ಲರಿಗೂ ಸೇರಿದ್ದು. ಒಬ್ಬನು ತನ್ನ ಪಾಲಿನ ದುರಸ್ತಿ ಬಿಟ್ಟರೆ ಉಪ್ಪುನೀರು ಎಲ್ಲರ ಗದ್ದೆಗೂ ನುಗ್ಗುತ್ತದೆ. ನಮ್ಮ ಹೋಂಸ್ಟೇಯ ಜಾಹೀರಾತಿನಲ್ಲಿ ಈ ಗದ್ದೆಯ ಚಿತ್ರ ಬಹಳ ಚೆನ್ನಾಗಿದೆ. ಆದರೆ ಅತಿಥಿಗಳಿಗೆ ನಾವು ಬಡಿಸುವುದು ಅಂಗಡಿಯ ಬಿಳಿ ಅಕ್ಕಿಯ ಅನ್ನ. ಕಗ್ಗದ ಕೆಂಪು ಅನ್ನ ಅವರ ಮುಂದಿಡಲು ನಮಗೆ ಸಂಕೋಚ. ಕಳೆದ ವರ್ಷ ಕಟ್ಟಿನ ಕೆಲಸಕ್ಕೆ ನಮ್ಮ ಮನೆಯಿಂದ ಆಳು ಹೋಗಿರಲಿಲ್ಲ. ಅತಿಥಿಗಳಿದ್ದರು ಎಂಬುದು ಕಾರಣ.

ನಮ್ಮ ತರಗತಿಯಲ್ಲಿಯೇ ಹೊನ್ನಾವರದ, ಗೋಕರ್ಣದ ಕಡೆಯ ಮೂರು ನಾಲ್ಕು ಗೆಳೆಯರು ಪದವಿಯಾದ ಮೇಲೆ ಮನೆಯಲ್ಲಿ ಹೋಂಸ್ಟೇ ಮಾಡುವ ಯೋಚನೆಯಲ್ಲಿದ್ದಾರೆ. ನೌಕರಿಯ ಇಂದಿನ ಸ್ಥಿತಿಯಲ್ಲಿ ಅದು ಬುದ್ಧಿವಂತರ ಯೋಚನೆಯೇ. ಅವರಿಗೆ ನನ್ನ ಸಲಹೆಯಿಷ್ಟು: ಕೋಣೆಗೆ ಬಣ್ಣ ಹೊಡೆಸುವ ಮುನ್ನ ಮನೆಯ ಹೆಂಗಸರ ದಿನಚರಿಯನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಅದರಲ್ಲಿ ಯಾವುದು ಹೋಗುತ್ತದೆ, ಯಾವುದು ಹೋಗಕೂಡದು ಎಂದು ಅವರನ್ನೇ ಕೇಳಿರಿ. ದರ ಗೊತ್ತು ಮಾಡುವಾಗ ಅವರ ಕೂಲಿಯನ್ನು ಮೊದಲು ಹಿಡಿಯಿರಿ. ಆ ಹಣ ಅವರದೇ ಹೆಸರಿನ ಬ್ಯಾಂಕ್ ಪುಸ್ತಕಕ್ಕೆ ಹೋಗಲಿ. ಹೀಗೆ ಮಾಡಿದರೆ ದರ ಏರುತ್ತದೆ, ಅತಿಥಿಗಳು ಬರುವುದಿಲ್ಲ ಎನ್ನುವವರುಂಟು. ಕೆಲವರು ಬರಲಿಕ್ಕಿಲ್ಲ, ನಿಜ. ಆದರೆ ಕೇರಳದ ಕುಮರಕಂನಲ್ಲಿ, ಅದೂ ನಮ್ಮಂತೆಯೇ ಹಿನ್ನೀರಿನ ದಂಡೆ, 2008ರಲ್ಲಿ ಅಲ್ಲಿನ ಸರ್ಕಾರ ಹೋಟೆಲುಗಳು ಊರಿನ ಹೆಂಗಸರ ಸಂಘಗಳಿಂದ ತರಕಾರಿ ಕೊಳ್ಳುವ ಏರ್ಪಾಟನ್ನು ಆರಂಭಿಸಿತು. ಅಲ್ಲಿ ಹಣ ನೇರವಾಗಿ ಬೆಳೆದವಳಿಗೆ ಸಂದಿತು. ದೊಡ್ಡ ಹೋಟೆಲು ಪಕ್ಕದ ಮನೆಯ ಹೆಂಗಸಿಗೆ ಕೊಡುವುದನ್ನು, ಮಗನು ಸ್ವಂತ ಮನೆಯಲ್ಲಿ ತಾಯಿಗೆ ಕೊಡಲು ಹಿಂಜರಿಯುವುದು ನನಗಂತೂ ವಿಚಿತ್ರವಾಗಿ ತೋರುತ್ತದೆ.

ನಮ್ಮ ಮನೆಯಲ್ಲಿ ಕೂಲಿಯ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ಅಪ್ಪ ಒಪ್ಪಿದ್ದು ಎರಡಕ್ಕೆ ಮಾತ್ರ. ಒಂದು, ಪರೀಕ್ಷೆ ಮುಗಿಯುವವರೆಗೆ ತಂಗಿ ಅಡಿಗೆಮನೆಗೆ ಬರತಕ್ಕದ್ದಲ್ಲ. ರುಬ್ಬುವ ಕೆಲಸ ನನಗೆ ಬಂದಿದೆ, ನನ್ನ ಹಿಟ್ಟು ಇನ್ನೂ ಹದಕ್ಕೆ ಬಂದಿಲ್ಲ. ಇನ್ನೊಂದು, ಪ್ರತಿ ಹುಣ್ಣಿಮೆಯ ಹಿಂದುಮುಂದಿನ ನಾಲ್ಕು ದಿನ ಕೋಣೆ ಕೊಡುವುದಿಲ್ಲ. ಅಮಾವಾಸ್ಯೆಯ ದಿನಗಳನ್ನೂ ಸೇರಿಸಬೇಕೆಂದು ನಾನು ಹಟ ಹಿಡಿದಿದ್ದೇನೆ. ಕಳೆದ ಹುಣ್ಣಿಮೆಯ ಮರುದಿನಕ್ಕೆ ಹುಬ್ಬಳ್ಳಿಯಿಂದ ಎಂಟು ಜನರ ಒಂದು ತಂಡ ಎರಡೂ ಕೋಣೆ ಬೇಕೆಂದು ಫೋನು ಮಾಡಿತ್ತು. ಅಪ್ಪ ಫೋನಿಗೆ ಕೈ ಅಡ್ಡ ಹಿಡಿದು ಅಡಿಗೆಮನೆಯ ಕಡೆ ನೋಡಿದರು. ಅಮ್ಮ ಏನೂ ಹೇಳಲಿಲ್ಲ. ತೊಲೆಯಿಂದ ಬುಟ್ಟಿ ಇಳಿಸಿ ಅದರ ಮುರಿದ ಅಂಚನ್ನು ಬಿಗಿಯುತ್ತ ಕುಳಿತಿದ್ದಳು. “ಆ ದಿನ ಆಗೂದಿಲ್ಲ” ಎಂದು ಅಪ್ಪ ಫೋನು ಇಟ್ಟರು.