ಹೊಸ ಕಾರಿನ ಮೈಲೇಜು ಮತ್ತು ಲೆಕ್ಕದ ಪುಸ್ತಕ

ಹೊಸ ಕಾರು ಅಂಗಳಕ್ಕೆ ಬಂದು ತಿಂಗಳೆರಡು ಕಳೆಯುವಷ್ಟರಲ್ಲಿ ಬಹುತೇಕ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ಕೊಳ್ಳುವಾಗ ಹೇಳಿದ ಮೈಲೇಜು ಎಲ್ಲಿ ಹೋಯಿತು? ಉದ್ಯೋಗಕ್ಕೆಂದೋ ವ್ಯಾಪಾರಕ್ಕೆಂದೋ ಕಾಸರಗೋಡಿನಿಂದ ಮಂಗಳೂರಿಗೆ ದಿನವೂ ಹೋಗಿ ಬರುವವರಿಗೆ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಹೋಗಿ ಬರುವ ದಾರಿ ಸುಮಾರು ನೂರು ಕಿಲೋಮೀಟರ್. ತಿಂಗಳಿಗೆ 25 ದಿನವಾದರೆ 2,500 ಕಿಲೋಮೀಟರ್. ಲೀಟರಿಗೆ 20 ಕಿಲೋಮೀಟರ್ ಓಡುವ ಕಾರಿಗೆ ಇಷ್ಟು ದೂರಕ್ಕೆ 125 ಲೀಟರ್ ಸಾಕು. ಅದೇ ಕಾರು 16 ಕಿಲೋಮೀಟರ್ ಮಾತ್ರ ಓಡಿದರೆ 156 ಲೀಟರ್ ಬೇಕು. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ ತಿಂಗಳಿಗೆ ಮೂರು ಸಾವಿರಕ್ಕೂ ಹೆಚ್ಚು, ವರ್ಷಕ್ಕೆ ಮೂವತ್ತೇಳು ಸಾವಿರದಷ್ಟು ಅಂತರ ಬೀಳುತ್ತದೆ. ಬ್ಯಾಂಕಿನ ಸಾಲದ ಕಂತು ಕಟ್ಟುತ್ತಿರುವ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ.

ಈ ಅಸಮಾಧಾನವನ್ನು ಹೊತ್ತು ಸರ್ವಿಸ್ ಕೇಂದ್ರಕ್ಕೆ ಹೋದವರಿಗೆ ಸಿಗುವ ಉತ್ತರವೂ ಬಹುತೇಕ ಒಂದೇ: "ಗಾಡಿಯಲ್ಲಿ ದೋಷವಿಲ್ಲ, ಓಡಿಸುವ ರೀತಿಯಲ್ಲಿದೆ." ಆಗ ಮಾಲೀಕರು ಡ್ಯಾಶ್‌ಬೋರ್ಡಿನ ಪರದೆಯನ್ನು ತೋರಿಸುತ್ತಾರೆ, ಇಲ್ಲವೇ ಕಳೆದ ವಾರ ಎರಡು ಸಾವಿರ ರೂಪಾಯಿಯ ಪೆಟ್ರೋಲು ಇಷ್ಟೇ ದಿನದಲ್ಲಿ ಮುಗಿಯಿತೆಂದು ವಾದಿಸುತ್ತಾರೆ. ಎರಡೂ ಕಡೆಯವರ ಕೈಯಲ್ಲಿ ಆಧಾರವಿಲ್ಲದ ಕಾರಣ ಮಾತು ಅಲ್ಲಿಗೇ ನಿಲ್ಲುತ್ತದೆ. ದೋಷ ವಾಹನದ್ದೋ, ಚಾಲಕರದ್ದೋ, ಇಂಧನದ್ದೋ ಎಂಬುದನ್ನು ತಿಳಿಯಬೇಕಾದರೆ ಮೊದಲು ಮೈಲೇಜು ಎಷ್ಟೆಂಬುದು ಖಚಿತವಾಗಬೇಕು. ಆ ಖಚಿತತೆಗೆ ಬೇಕಾದದ್ದು ಒಂದು ಪುಟ್ಟ ಪುಸ್ತಕ ಮತ್ತು ಕೆಲವು ತಿಂಗಳ ಶಿಸ್ತು.

ಮೊದಲಿಗೆ, ಮಾರಾಟದ ಕೈಪತ್ರದಲ್ಲಿ ಅಚ್ಚಾಗಿರುವ ಸಂಖ್ಯೆ ಯಾವುದು ಎಂಬುದನ್ನು ತಿಳಿದಿರಬೇಕು. ಪುಣೆಯ ಎ.ಆರ್.ಎ.ಐ.ಯಂತಹ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ನಿಗದಿತ ವೇಗದ ಏರಿಳಿತಗಳಲ್ಲಿ ಓಡಿಸಿ ಪರೀಕ್ಷಿಸಲಾಗುತ್ತದೆ. ಬಹುಕಾಲದಿಂದ ಬಳಕೆಯಲ್ಲಿರುವ ಭಾರತೀಯ ಚಾಲನಾ ಚಕ್ರದ ಅವಧಿ 1,180 ಸೆಕೆಂಡು. ಅಷ್ಟರಲ್ಲಿ ಕಾರು ಕ್ರಮಿಸುವ ದೂರ ಸುಮಾರು ಹತ್ತೂವರೆ ಕಿಲೋಮೀಟರ್, ಗರಿಷ್ಠ ವೇಗ ಗಂಟೆಗೆ 90 ಕಿಲೋಮೀಟರ್. ಅಲ್ಲಿ ಎ.ಸಿ. ಇಲ್ಲ, ಎದುರುಗಾಳಿ ಇಲ್ಲ, ಸಂಪಾಜೆ ಘಾಟಿಯಿಲ್ಲ, ಬದಿಯಡ್ಕದ ಏರುತಗ್ಗುಗಳಿಲ್ಲ. ಆದ್ದರಿಂದ ರಸ್ತೆಯಲ್ಲಿ ಅದಕ್ಕಿಂತ ಕಡಿಮೆ ಸಿಗುವುದು ಸ್ವಾಭಾವಿಕ. ಆ ಸಂಖ್ಯೆ ಒಂದು ಕಾರನ್ನು ಮತ್ತೊಂದರೊಡನೆ ಹೋಲಿಸಿ ನೋಡಲು ಉಪಯುಕ್ತ. ಮನೆಯ ಖರ್ಚಿನ ಲೆಕ್ಕಕ್ಕೆ ಆಧಾರವಾಗದು. ಎಷ್ಟು ಕಡಿಮೆಯಾದರೆ ಸಹಜ, ಎಷ್ಟಾದರೆ ಅಸಹಜ ಎಂಬುದೇ ನಿಜವಾದ ಪ್ರಶ್ನೆ.

ಅಳತೆಯ ಕ್ರಮ ಸರಳವಾಗಿದೆ. ಪೆಟ್ರೋಲ್ ಬಂಕಿನಲ್ಲಿ ನಳಿಕೆಯು ಮೊದಲ ಸಲ ತಾನಾಗಿ ನಿಲ್ಲುವವರೆಗೆ ಟ್ಯಾಂಕು ತುಂಬಿಸಬೇಕು. ಅನಂತರ ಒತ್ತಿ ಒತ್ತಿ ಸೇರಿಸಬಾರದು. ಆಗಿನ ಓಡೋಮೀಟರಿನ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಇದು ಆರಂಭದ ಬಿಂದು. ಈ ಸಲ ತುಂಬಿದ ಲೀಟರುಗಳು ಲೆಕ್ಕಕ್ಕೆ ಸೇರುವುದಿಲ್ಲ. ಮುಂದೆ ಹಾಕಿಸುವ ಪ್ರತಿ ಹನಿಯ ಲೆಕ್ಕವೂ ಪುಸ್ತಕಕ್ಕೆ ಬರಬೇಕು: ದಿನಾಂಕ, ಓಡೋಮೀಟರು, ಲೀಟರು, ಬೆಲೆ, ಬಂಕಿನ ಹೆಸರು. ಉದಾಹರಣೆಗೆ ಆರಂಭದಲ್ಲಿ 1,520 ಕಿಲೋಮೀಟರ್ ಇತ್ತೆನ್ನೋಣ. ಅನಂತರ ಐದು ಸಲ ಕ್ರಮವಾಗಿ 28, 31, 26, 30 ಮತ್ತು 35 ಲೀಟರ್ ತುಂಬಿಸಲಾಯಿತು. ಕೊನೆಯ ಸಲ ಟ್ಯಾಂಕು ತುಂಬಿದಾಗ ಓಡೋಮೀಟರು 3,920 ತೋರಿಸಿತು. ಒಟ್ಟು ದೂರ 2,400 ಕಿಲೋಮೀಟರ್, ಒಟ್ಟು ಇಂಧನ 150 ಲೀಟರ್. ಮೈಲೇಜು 16.

ಇಷ್ಟು ದೀರ್ಘ ಲೆಕ್ಕ ಏಕೆ, ಹತ್ತು ಲೀಟರ್ ಹಾಕಿಸಿ ನೋಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ನಳಿಕೆ ನಿಲ್ಲುವ ಬಿಂದು ಪ್ರತಿ ಸಲವೂ ಒಂದೇ ಆಗಿರುವುದಿಲ್ಲ. ಕಾರು ನಿಂತ ನೆಲದ ಓರೆ, ಪೆಟ್ರೋಲು ಸುರಿಯುವ ವೇಗ, ನೊರೆ ಇವುಗಳಿಂದ ಅರ್ಧ ಲೀಟರಿನ ವ್ಯತ್ಯಾಸ ಸುಲಭವಾಗಿ ಬರುತ್ತದೆ. ಹತ್ತು ಲೀಟರಿನಲ್ಲಿ ಅರ್ಧ ಲೀಟರ್ ಎಂದರೆ ಶೇಕಡಾ 5. ಹದಿನಾರರ ಮೈಲೇಜು ಒಮ್ಮೆ 15.2 ಎಂದೂ ಮತ್ತೊಮ್ಮೆ 16.8 ಎಂದೂ ಕಾಣಿಸಿಕೊಳ್ಳುತ್ತದೆ. ಅದೇ ಅರ್ಧ ಲೀಟರ್ 150 ಲೀಟರಿನಲ್ಲಿ ಶೇಕಡಾ ಒಂದರ ಮೂರನೆಯ ಒಂದು ಭಾಗ ಮಾತ್ರ. ನಡುವಿನ ತುಂಬುವಿಕೆಗಳಲ್ಲಿ ಕೊಂಚ ಹೆಚ್ಚುಕಡಿಮೆಯಾದರೂ ಒಟ್ಟು ಲೆಕ್ಕ ಕೆಡುವುದಿಲ್ಲ, ಏಕೆಂದರೆ ಒಮ್ಮೆ ಕಡಿಮೆಯಾದದ್ದು ಮುಂದಿನ ಸಲ ಹೆಚ್ಚಾಗಿ ಸೇರಿಕೊಳ್ಳುತ್ತದೆ. ಮೊದಲ ಮತ್ತು ಕೊನೆಯ ಸಲ ಟ್ಯಾಂಕು ಒಂದೇ ಮಟ್ಟಕ್ಕೆ ತುಂಬಿದೆಯೇ ಎಂಬುದಷ್ಟೇ ಮುಖ್ಯ. ಸಾಧ್ಯವಾದರೆ ಆ ಎರಡು ಸಲ ಒಂದೇ ಬಂಕಿನ ಒಂದೇ ಪಂಪಿನಲ್ಲಿ ತುಂಬಿಸುವುದು ಲೇಸು.

ಮತ್ತೊಂದು ತಪ್ಪು ಲೆಕ್ಕ ಬಲ್ಲವರಿಂದಲೂ ಆಗುತ್ತದೆ. ಹೆದ್ದಾರಿಯಲ್ಲಿ 300 ಕಿಲೋಮೀಟರ್ ಓಡಿ ಲೀಟರಿಗೆ 20 ಸಿಕ್ಕಿತು, ಘಾಟಿ ಮತ್ತು ಪೇಟೆಯಲ್ಲಿ 300 ಕಿಲೋಮೀಟರ್ ಓಡಿ 12 ಸಿಕ್ಕಿತು, ಆದ್ದರಿಂದ ಸರಾಸರಿ 16 ಎಂದು ಹೇಳುವುದು ರೂಢಿ. ನಿಜವಾಗಿ ಮೊದಲ ಭಾಗಕ್ಕೆ 15 ಲೀಟರ್, ಎರಡನೆಯದಕ್ಕೆ 25 ಲೀಟರ್ ಖರ್ಚಾಗಿದೆ. 600 ಕಿಲೋಮೀಟರಿಗೆ 40 ಲೀಟರ್, ಸರಾಸರಿ 15. ಮೈಲೇಜುಗಳನ್ನು ಕೂಡಿಸಿ ಭಾಗಿಸಬಾರದು. ಒಟ್ಟು ದೂರವನ್ನು ಒಟ್ಟು ಲೀಟರಿನಿಂದ ಭಾಗಿಸಬೇಕು.

ಡ್ಯಾಶ್‌ಬೋರ್ಡಿನ ಪರದೆ ತೋರಿಸುವ ಸಂಖ್ಯೆಯು ಟ್ಯಾಂಕಿನಿಂದ ಅಳೆದದ್ದಲ್ಲ. ಇಂಜಿನಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರುಗಳು ಎಷ್ಟು ಹೊತ್ತು ತೆರೆದಿದ್ದವು ಎಂಬುದರ ಮೇಲೆ ಗಣಕವು ಮಾಡುವ ಅಂದಾಜು ಅದು. ಪುಸ್ತಕದ ಲೆಕ್ಕ 16 ಎಂದೂ ಅದೇ ಅವಧಿಗೆ ಪರದೆ 17.2 ಎಂದೂ ಹೇಳಿದರೆ, ಆ ಪರದೆ ಶೇಕಡಾ 7.5ರಷ್ಟು ಹೆಚ್ಚು ತೋರಿಸುತ್ತಿದೆ ಎಂದರ್ಥ. ಓಡೋಮೀಟರನ್ನೂ ಒಮ್ಮೆ ಪರೀಕ್ಷಿಸಬೇಕು. ಹೆದ್ದಾರಿಯಲ್ಲಿ 50 ಕಿಲೋಮೀಟರ್ ಓಡಿ, ಫೋನಿನ ಜಿ.ಪಿ.ಎಸ್. ದಾಖಲೆಯೊಡನೆ ಹೋಲಿಸಿದರೆ ಅಂತರ ತಿಳಿಯುತ್ತದೆ. ಕಂಪನಿ ಕೊಟ್ಟ ಟೈರುಗಳನ್ನು ತೆಗೆದು ಬೇರೆ ಅಳತೆಯವನ್ನು ಹಾಕಿಸಿದವರಲ್ಲಿ ಈ ಅಂತರ ಹೆಚ್ಚಿರುತ್ತದೆ.

ಲೆಕ್ಕವನ್ನು ಮೊದಲ ದಿನದಿಂದಲೇ ಬರೆಯಬಹುದು. ತೀರ್ಮಾನಕ್ಕೆ ಮಾತ್ರ ಅವಸರ ಬೇಡ. ಮೊದಲ ಸಾವಿರ ಕಿಲೋಮೀಟರ್ ಇಂಜಿನ್ನಿನ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವ ಕಾಲ. ಮೊದಲ ಸರ್ವಿಸ್ ಆದ ಮೇಲೆ, ಟೈರಿನ ಗಾಳಿಯನ್ನು ಬೆಳಿಗ್ಗೆ ತಣ್ಣಗಿರುವಾಗ ಸರಿಪಡಿಸಿ, ಹೊಸ ಆರಂಭದ ಬಿಂದುವನ್ನು ಗುರುತಿಸಿಕೊಳ್ಳುವುದು ನ್ಯಾಯ.

ಇಂಧನದ ಸ್ವರೂಪವೂ ಬದಲಾಗಿದೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಬೆರೆಸಲಾಗುತ್ತಿದೆ. ಎಥೆನಾಲಿನಲ್ಲಿ ಅಡಗಿರುವ ಶಕ್ತಿ, ಅಷ್ಟೇ ಪ್ರಮಾಣದ ಪೆಟ್ರೋಲಿನ ಶಕ್ತಿಯ ಮೂರನೆಯ ಎರಡು ಭಾಗದಷ್ಟು ಮಾತ್ರ. ಈ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇಕಡಾ 1ರಿಂದ 2, ಹಳೆಯ ವಿನ್ಯಾಸದ ಕಾರುಗಳಲ್ಲಿ ಶೇಕಡಾ 6ರಿಂದ 7ರಷ್ಟು ಮೈಲೇಜು ಕುಸಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಹಿಂದಿನ ಕಾರಿನ ಹಳೆಯ ನೆನಪಿನೊಡನೆ ಹೊಸ ಕಾರನ್ನು ತೂಗುವವರು ಇದನ್ನು ಮರೆಯಬಾರದು.

ಗಡಿನಾಡಿನ ಓದುಗರಿಗೆ ಇನ್ನೊಂದು ವಿಶೇಷವಿದೆ. ತೆರಿಗೆಯ ವ್ಯತ್ಯಾಸದಿಂದ ತಲಪಾಡಿ ಗಡಿಯಾಚೆಯ ಪೆಟ್ರೋಲು ಅಗ್ಗ. ಮಂಗಳೂರಿಗೆ ಹೇಗೂ ಹೋಗುವವರು ಅಲ್ಲಿ ತುಂಬಿಸಿದರೆ ಲಾಭವೇ. ಆದರೆ ಪೆಟ್ರೋಲಿಗಾಗಿಯೇ 15 ಕಿಲೋಮೀಟರ್ ಹೋಗಿ, ಅಷ್ಟೇ ದೂರ ಮರಳುವವರು ಲೆಕ್ಕ ಹಾಕಬೇಕು. ಲೀಟರಿಗೆ ನಾಲ್ಕು ರೂಪಾಯಿ ಅಂತರವಿದೆ ಎಂದಿಟ್ಟುಕೊಂಡರೆ 35 ಲೀಟರಿಗೆ ಉಳಿಯುವುದು 140 ರೂಪಾಯಿ. ಹದಿನಾರರ ಮೈಲೇಜಿನಲ್ಲಿ 30 ಕಿಲೋಮೀಟರಿಗೆ ಸುಡುವುದು ಸುಮಾರು 1.9 ಲೀಟರ್, ಅಂದರೆ 190 ರೂಪಾಯಿಯ ಇಂಧನ. ಮೈಲೇಜು ತಿಳಿಯದವರಿಗೆ ಈ ನಷ್ಟ ಕಾಣಿಸುವುದೇ ಇಲ್ಲ.

ಲೀಟರು ಎಂಬುದು ನಿಜವಾಗಿ ಲೀಟರೇ ಆಗಿತ್ತೇ ಎಂಬ ಸಂಶಯಕ್ಕೂ ಕಾನೂನು ದಾರಿ ತೋರಿಸಿದೆ. ಬಂಕಿನಲ್ಲಿ ಮುದ್ರೆಯೊತ್ತಿದ ಐದು ಲೀಟರಿನ ಅಳತೆಯ ಪಾತ್ರೆ ಇರಬೇಕು. ಗ್ರಾಹಕರು ಕೇಳಿದರೆ ಅದರಲ್ಲಿ ಹಿಡಿದು ತೋರಿಸಬೇಕು. ಅನುಮತಿಸಲಾದ ವ್ಯತ್ಯಾಸ ಶೇಕಡಾ ಅರ್ಧ, ಅಂದರೆ ಐದು ಲೀಟರಿಗೆ 25 ಮಿಲಿಲೀಟರ್. ಅದಕ್ಕಿಂತ ಕಡಿಮೆ ಬಂದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. ಕಾಸರಗೋಡಿನ ಕನ್ನಡಿಗರು ಆ ದೂರನ್ನು ಕನ್ನಡದಲ್ಲಿಯೇ ಬರೆಯಬಹುದು. ಇಲ್ಲಿನ ಸ್ಥಳೀಯ ಸರ್ಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಅಧಿನಿಯಮವೇ ಭಾಷಾ ಅಲ್ಪಸಂಖ್ಯಾತರಿಗೆ ನೀಡಿದೆ.

ಅಳತೆ ನಿಷ್ಕೃಷ್ಟವಾಗಿದ್ದೂ ಮೈಲೇಜು ತೀರಾ ಕಡಿಮೆಯಿದ್ದರೆ ಮುಂದಿನ ಹೆಜ್ಜೆ ಗ್ರಾಹಕ ಆಯೋಗ. ಕೇರಳದಲ್ಲಿಯೇ ಇದಕ್ಕೆ ನಿದರ್ಶನವಿದೆ. 2014ರಲ್ಲಿ ಡೀಸೆಲ್ ಕಾರು ಕೊಂಡ ಮಹಿಳೆಯೊಬ್ಬರು, ಲೀಟರಿಗೆ 32 ಕಿಲೋಮೀಟರ್ ಎಂದು ಕೈಪತ್ರದಲ್ಲಿ ಹೇಳಿದ್ದು ಸುಳ್ಳೆಂದು ತ್ರಿಶೂರಿನ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ದೂರಿದರು. ತಜ್ಞ ಕಮಿಷನರೊಬ್ಬರು ಕಾರನ್ನು ಪರೀಕ್ಷಿಸಿದಾಗ ಸಿಕ್ಕಿದ್ದು 19.6 ಕಿಲೋಮೀಟರ್. 2022ರಲ್ಲಿ ಆಯೋಗವು ಮೂರು ಲಕ್ಷ ರೂಪಾಯಿ ಪರಿಹಾರ ಹಾಗೂ ಹತ್ತು ಸಾವಿರ ರೂಪಾಯಿ ವೆಚ್ಚ ಕೊಡುವಂತೆ ಆದೇಶಿಸಿತು. ಅಲ್ಲಿ ಗೆದ್ದದ್ದು ಅಳತೆ. ಶೇಕಡಾ ಹತ್ತೋ ಹದಿನೈದೋ ಕಡಿಮೆಯಾದ ಮಾತ್ರಕ್ಕೆ ಇಂಥ ಫಲ ನಿರೀಕ್ಷಿಸುವುದು ಸರಿಯಲ್ಲ. ಈ ಪ್ರಕರಣದಲ್ಲಿ ಅಂತರ ಶೇಕಡಾ 40ರ ಹತ್ತಿರವಿತ್ತು.

2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಗಡಿಭಾಗದವರಿಗೆ ಒಂದು ಅನುಕೂಲ ಮಾಡಿಕೊಟ್ಟಿದೆ. ಕಾರನ್ನು ಮಂಗಳೂರಿನಲ್ಲಿ ಕೊಂಡಿದ್ದರೂ, ಕೊಂಡವರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ 50 ಲಕ್ಷ ಮೀರದಿದ್ದರೆ ಜಿಲ್ಲಾ ಆಯೋಗಕ್ಕೇ ಅಧಿಕಾರವಿದೆ. ಐದರಿಂದ ಹತ್ತು ಲಕ್ಷದ ಕಾರಿಗೆ ಶುಲ್ಕ 200 ರೂಪಾಯಿ. ವ್ಯಾಜ್ಯಕಾರಣ ಹುಟ್ಟಿದಂದಿನಿಂದ ಎರಡು ವರ್ಷದೊಳಗೆ ದೂರು ಸಲ್ಲಿಕೆಯಾಗಬೇಕು. ಪರೀಕ್ಷೆಯಿಲ್ಲದೆ ದೋಷ ತಿಳಿಯದೆಂದು ಕಂಡುಬಂದರೆ ಆಯೋಗವು ಪ್ರಯೋಗಾಲಯದ ವರದಿ ತರಿಸಬಹುದು. ಅದರ ವೆಚ್ಚವನ್ನು ದೂರುದಾರರು ಠೇವಣಿ ಇಡಬೇಕಾದೀತು.

ಆ ಹಂತ ತಲುಪುವ ಮುನ್ನ ಮಾಲೀಕರ ಪುಸ್ತಕವೇ ಮೊದಲ ಆಧಾರ. ಘಟನೆ ನಡೆದ ಹೊತ್ತಿಗೇ ಬರೆದಿಟ್ಟದ್ದನ್ನು ನೋಡಿ ಸಾಕ್ಷಿಯು ನೆನಪನ್ನು ಹಸನು ಮಾಡಿಕೊಳ್ಳಲು ಹಳೆಯ ಸಾಕ್ಷ್ಯ ಅಧಿನಿಯಮವೂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅವಕಾಶ ಕೊಟ್ಟಿವೆ. ವಕೀಲರ ನೋಟಿಸು ಕಳಿಸುವ ಹಿಂದಿನ ರಾತ್ರಿ ನೆನಪಿನಿಂದ ಬರೆದ ಪಟ್ಟಿಗೆ ಆ ಬೆಲೆ ಇರುವುದಿಲ್ಲ. ಬಂಕಿನ ರಸೀದಿಯ ಅಕ್ಷರಗಳು ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತವೆ. ಆದ್ದರಿಂದ ಅಂದೇ ಓಡೋಮೀಟರಿನೊಡನೆ ಅದರ ಚಿತ್ರವನ್ನೂ ತೆಗೆದಿಡಬೇಕು. ಕಾರಿನ ಕೈಪತ್ರ, ಸರ್ವಿಸ್ ಕೇಂದ್ರದ ಪ್ರತಿಯೊಂದು ಜಾಬ್ ಕಾರ್ಡು ಜೊತೆಗಿರಲಿ. ಮೈಲೇಜು ಕಡಿಮೆಯಿದೆ ಎಂಬ ದೂರನ್ನು ಬಾಯಲ್ಲಿ ಹೇಳಿ ಬರುವ ಬದಲು ಆ ಕಾರ್ಡಿನಲ್ಲಿ ಬರೆಸಿ, ಪ್ರತಿ ಪಡೆಯಬೇಕು.

ಹೀಗೆ ಆರು ತಿಂಗಳು ಬರೆದವರಿಗೆ ಎರಡರಲ್ಲೊಂದು ತಿಳಿಯುತ್ತದೆ. ಕಾರು ಸರಿಯಾಗಿಯೇ ಇದ್ದು, ಗಾಳಿಯಿಲ್ಲದ ಟೈರು, ಕಾಲು ಮೈಲಿಗೂ ಕಾರು ತೆಗೆಯುವ ಅಭ್ಯಾಸ, ಹೆದ್ದಾರಿಯ ಅತಿವೇಗ ಇವುಗಳಿಂದ ಹಣ ಸೋರುತ್ತಿರಬಹುದು. ಅದನ್ನು ತಡೆಯುವುದು ಮನೆಯವರ ಕೈಯಲ್ಲೇ ಇದೆ. ಇಲ್ಲವೇ ದೋಷವು ಕಾರಿನಲ್ಲಿಯೇ ಇರಬಹುದು. ಆಗ ವಾರಂಟಿಯೂ ಕಾನೂನಿನ ಎರಡು ವರ್ಷವೂ ಮುಗಿಯುವ ಮೊದಲೇ ಲಿಖಿತ ದೂರು ಹೋಗಬೇಕು.