ದಾವೆಯ ಭಯಕ್ಕೆ ಮುಚ್ಚಿಹೋಗುವ ದಡಗಳು

ಒಬ್ಬರ ನಿರ್ಲಕ್ಷ್ಯದಿಂದ ಮತ್ತೊಬ್ಬರಿಗೆ ಹಾನಿಯಾದರೆ ಪರಿಹಾರ ತೆರಬೇಕೆಂಬುದು ಕಾನೂನಿನ ಹಳೆಯ ಮತ್ತು ನ್ಯಾಯವಾದ ತತ್ವ. ಆದರೆ ಆ ಹೊಣೆ ಎಲ್ಲಿಗೆ ಮುಗಿಯುತ್ತದೆ ಎಂಬುದು ಸ್ಪಷ್ಟವಾಗಿರದಿದ್ದಾಗ, ಎಂದೂ ನ್ಯಾಯಾಲಯದ ಮೆಟ್ಟಿಲು ಹತ್ತದ ಜನ ತಮ್ಮ ದಿನನಿತ್ಯದ ಸ್ವಾತಂತ್ರ್ಯವನ್ನು ಕಳೆದುಕೊಳ್ಳುತ್ತಾರೆ. ಇಂಗ್ಲೆಂಡಿನ ಕಾಂಗಲ್ಟನ್ ನಗರಾಡಳಿತದ ವಿರುದ್ಧ ನಡೆದ ಮೊಕದ್ದಮೆ ಇದಕ್ಕೆ ಬಹು ದೊಡ್ಡ ನಿದರ್ಶನ.

ಚೆಷೈರ್ ಪ್ರಾಂತ್ಯದ ಬ್ರೆರಟನ್ ಹೀತ್ ಉದ್ಯಾನದಲ್ಲಿ, ಹಿಂದೆ ಮರಳು ತೆಗೆಯುತ್ತಿದ್ದ ಗುಂಡಿ ಕೆರೆಯಾಗಿತ್ತು; ಅದರ ಮರಳದಂಡೆಯಲ್ಲಿ ಬೇಸಿಗೆಯಲ್ಲಿ ಕುಟುಂಬಗಳು ಬಂದು ಕೂರುತ್ತಿದ್ದವು, ಮಕ್ಕಳು ಆಡುತ್ತಿದ್ದರು. ಈಜಬಾರದೆಂಬ ಫಲಕಗಳಿದ್ದರೂ, 1995ರ ಮೇ ತಿಂಗಳಲ್ಲಿ ಹದಿನೆಂಟರ ಯುವಕನೊಬ್ಬ ಮಂಡಿಗಿಂತ ತುಸು ಮೇಲೆ ಬರುವ ನೀರಿನಲ್ಲಿ ನಿಂತು ತಲೆ ಮುಂದಾಗಿ ಧುಮುಕಿ, ತಲೆ ತಳಕ್ಕೆ ಬಡಿದು ಕುತ್ತಿಗೆ ಮುರಿದುಕೊಂಡು, ಕೈಕಾಲುಗಳ ಸ್ವಾಧೀನ ಕಳೆದುಕೊಂಡ. ಸ್ಥಳದ ಉಸ್ತುವಾರಿ ಉಳ್ಳವರು ಅಲ್ಲಿ ಅನುಮತಿಯ ಮಿತಿ ಮೀರಿದವರ ಸುರಕ್ಷತೆಗೂ ಎಷ್ಟು ಬಾಧ್ಯರು ಎಂಬುದನ್ನು ನಿಗದಿಪಡಿಸುವ 1984ರ ಕಾಯ್ದೆಯಡಿ ದಾವೆ ಹೂಡಲಾಯಿತು. ಅಪಾಯವನ್ನು ಅರಿತಿದ್ದ ನಗರಾಡಳಿತ ದಂಡೆಗೆ ಮಣ್ಣು ಸುರಿದು ಗಿಡ ನೆಡಲು ಮೊದಲೇ ಯೋಜಿಸಿತ್ತು, ಹಣದ ಕೊರತೆಯಿಂದ ಅದು ತಡವಾಗಿತ್ತು. ಮೇಲ್ಮನವಿ ನ್ಯಾಯಾಲಯ ಈ ಮುಂದಾಲೋಚನೆಯನ್ನೇ ಆಡಳಿತದ ಮೇಲೆ ಹೊಣೆ ಹೊರಿಸುವ ಆಧಾರವಾಗಿ ಬಳಸಿತು. ಎಚ್ಚರ ವಹಿಸಿದವರಿಗೇ ಆ ಎಚ್ಚರ ಮುಳುವಾಗುವ ಇಂಥ ತರ್ಕಕ್ಕಿಂತ ಅಪಾಯಕಾರಿಯಾದ ಸಂದೇಶವನ್ನು ಆಡಳಿತಗಳಿಗೆ ಕೊಡುವುದು ಕಷ್ಟ.

ಅಂದಿನ ಅತ್ಯುಚ್ಚ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ 2003ರಲ್ಲಿ ಆ ತೀರ್ಪನ್ನು ರದ್ದುಪಡಿಸಿತು. ಕಣ್ಣಿಗೆ ಕಾಣುವ ಅಪಾಯವನ್ನು ತಾನಾಗಿಯೇ ಆರಿಸಿಕೊಂಡ ವಯಸ್ಕನನ್ನು ಅವನಿಂದಲೇ ಕಾಪಾಡಲೆಂದು ಉಳಿದೆಲ್ಲರ ನಿರಪಾಯಕಾರಿ ವಿಹಾರವನ್ನು ನಿಷೇಧಿಸುವುದು ಅನ್ಯಾಯವೆಂದು ಆ ಪೀಠದ ಲಾರ್ಡ್ ಹಾಫ್‌ಮನ್ ಸ್ಪಷ್ಟವಾಗಿ ಬರೆದರು. ಆ ಯುವಕನ ದುರಂತ ಯಾರ ಮನಸ್ಸನ್ನೂ ಕಲಕುವಂಥದ್ದು; ಅಂಥವರ ಆರೈಕೆ ಸಮಾಜದ ಕರ್ತವ್ಯ, ಆದರೆ ಅದಕ್ಕಾಗಿ ತಪ್ಪಿತಸ್ಥರನ್ನು ಸೃಷ್ಟಿಸಬೇಕಿಲ್ಲ. ತೀರ್ಪು ಬರುವಷ್ಟರಲ್ಲಿ ಮರಳದಂಡೆ ಮಾತ್ರ ಮಣ್ಣಿನಡಿ ಮುಚ್ಚಿಹೋಗಿತ್ತು.

ದಾವೆಗಳಿಗಿಂತ ದಾವೆಯ ಭಯವೇ ದೊಡ್ಡದು. ಬ್ರಿಟನ್ನಿನ ಸರ್ಕಾರಿ ಕಾರ್ಯಪಡೆಯೊಂದು 2004ರಲ್ಲಿ, ಮಾತೆತ್ತಿದರೆ ಪರಿಹಾರ ಕೇಳುವ ಸಂಸ್ಕೃತಿ ಎಂಬುದು ಮಿಥ್ಯೆಯಾದರೂ ಅದರ ಮೇಲಿನ ನಂಬಿಕೆಯಿಂದಾಗುವ ನಷ್ಟ ನಿಜವೆಂದು ವರದಿ ಮಾಡಿತು. ಅಲ್ಲಿನ 2006ರ ಪರಿಹಾರ ಕಾಯ್ದೆಯು, ಅತಿಯಾದ ಮುನ್ನೆಚ್ಚರಿಕೆ ಕೇಳಿದರೆ ಸಮಾಜಕ್ಕೆ ಬೇಕಾದ ಚಟುವಟಿಕೆಯೇ ನಿಂತುಹೋದೀತೇ ಎಂಬುದನ್ನು ನ್ಯಾಯಾಲಯಗಳು ಪರಿಗಣಿಸಬಹುದೆಂದಿತು.

ಭಾರತದಲ್ಲಿ ಈ ಭಯದ ರೂಪ ಬೇರೆ. ರಸ್ತೆಯಲ್ಲಿ ರಕ್ತ ಸುರಿಯುತ್ತಾ ಬಿದ್ದವರನ್ನು ಆಸ್ಪತ್ರೆಗೆ ಒಯ್ಯಲು ಹಿಂಜರಿಯುವ ಜನರು ಅಂಜುವುದು ಪರಿಹಾರದ ದಾವೆಗಲ್ಲ. ಹೆಸರು ವಿಳಾಸ ಬರೆದುಕೊಂಡ ಮೇಲೆ ಸ್ಟೇಷನ್ನು, ಕೋರ್ಟು ಎಂದು ವರ್ಷಗಟ್ಟಲೆ ಅಲೆಯಬೇಕಾದೀತೆಂಬುದಕ್ಕೆ. ಮನುಷ್ಯ ಮನುಷ್ಯನಿಗೆ ಕೈಚಾಚುವ ಸ್ವಾತಂತ್ರ್ಯವನ್ನೇ ಕಸಿಯುವ ಈ ಅಂಜಿಕೆಯನ್ನು ನೀಗಲು ಸುಪ್ರೀಂ ಕೋರ್ಟ್ 2016ರ ಮಾರ್ಚ್‌ನಲ್ಲಿ ನೆರವು ನೀಡಿದವರ ರಕ್ಷಣೆಯ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ಇದಕ್ಕಾಗಿ ಪ್ರತ್ಯೇಕ ಕಾಯ್ದೆ ರೂಪಿಸಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮಿನ ಪ್ರಕಾರ, ಪ್ರತಿಫಲದ ಆಸೆಯಿಲ್ಲದೆ ಗಾಯಾಳುವಿಗೆ ನೆರವಾದವರ ಮೇಲೆ, ಆ ನೆರವಿನಲ್ಲಿ ಲೋಪವಾದರೂ, ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬೀಳದು.

ಇಷ್ಟಾದರೂ ತಿಳಿಯದ ಕಾನೂನು ಯಾರ ಅಂಜಿಕೆಯನ್ನೂ ನೀಗದು. ನೆರವಾದವರ ಹಕ್ಕುಗಳ ಪಟ್ಟಿಯನ್ನು ಸ್ಥಳೀಯ ಭಾಷೆಯಲ್ಲೂ ಪ್ರವೇಶದ್ವಾರದಲ್ಲಿ ಅಥವಾ ಎದ್ದುಕಾಣುವ ಜಾಗದಲ್ಲಿ ಪ್ರಕಟಿಸುವುದು ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳ ಕರ್ತವ್ಯವೆಂದು ನಿಯಮ ಹೇಳುತ್ತದೆ. ಓದುಗರು ತಮ್ಮೂರಿನ ಆಸ್ಪತ್ರೆಯಲ್ಲಿ ಆ ಫಲಕ ಕನ್ನಡದಲ್ಲಿದೆಯೇ ಎಂದು ನೋಡಲಿ. ಇಲ್ಲದಿದ್ದರೆ ಅಲ್ಲಿನ ಆಡಳಿತವನ್ನು ಲಿಖಿತವಾಗಿ ಕೇಳಲಿ.